ಮಲ್ಪೆಯಿಂದ ಕಾಪುವರೆಗೆ ಸೈಕಲ್ ತುಳಿದದ್ದು, ಗಾಳಿ ಲೆಕ್ಕ ಕಲಿತದ್ದು

ಹುಟ್ಟಿ ಬೆಳೆದದ್ದು ಉಡುಪಿಯಲ್ಲೇ ಆದ್ರೂ ಮಲ್ಪೆಯಿಂದ ಕಾಪುವಿಗೆ ಕಡಲ ಬದಿಯಲ್ಲೇ ಒಂದು ರೋಡ್ ಉಂಟು, ಹೈವೇ ಮುಟ್ಟದೆ ಹೋಗ್ಲಿಕ್ಕೆ ಆಗ್ತದೆ ಅಂತ ನನಗೆ ಸರಿಯಾಗಿ ಗೊತ್ತಾದದ್ದು ನಲ್ವತ್ನಾಲ್ಕನೇ ವಯಸ್ಸಲ್ಲಿ. ಅದೂ ಡಾಕ್ಟ್ರು "ಶುಗರ್ ಬಾರ್ಡರಲ್ಲಿ ಉಂಟು, ನಡೀರಿ, ಓಡಿ, ಎಂತಾದ್ರೂ ಒಂದು ಮಾಡಿ" ಅಂತ ಹೇಳಿದ ಮೇಲೆ. ನಡೀಲಿಕ್ಕೆ ಉದಾಸೀನ, ಓಡ್ಲಿಕ್ಕೆ ಮಂಡಿ ಬಿಡುದಿಲ್ಲ, ಹಾಗಾಗಿ ಸೈಕಲ್. ಗೇರ್ ಇರುವ ಸಾಧಾರಣ ಸೈಕಲ್, ಟಯರ್ ತೀರಾ ಸಪುರ ಅಲ್ಲ, ತೀರಾ ದಪ್ಪವೂ ಅಲ್ಲ. ಆ ಟೈಟ್ ಚಡ್ಡಿ, ಕನ್ನಡಕ ಎಲ್ಲ ನನ್ನ ಹತ್ರ ಇಲ್ಲ, ಹಳೇ ಟೀಶರ್ಟ್ ಮತ್ತೆ ತಲೆಗೊಂದು ಹೆಲ್ಮೆಟ್ ಅಷ್ಟೆ.

ಮೊದಲ ಸಲ ಹೋದದ್ದು ಒಂದು ಡಿಸೆಂಬರ್ ಆದಿತ್ಯವಾರ, ಊಟ ಮಾಡಿ ಸಣ್ಣ ನಿದ್ದೆ ತೆಗೆದು ಮೂರು ಗಂಟೆಗೆ ಹೊರಟದ್ದು. ಸೂರ್ಯಾಸ್ತ ನೋಡುವುದು ಅಂತ ಪ್ಲಾನ್, ಎಲ್ಲರೂ ಹಾಗೇ ಅಲ್ವಾ ಮಾಡುದು. ಉಡುಪಿಯಿಂದ ಮಲ್ಪೆಗೆ ಆರು ಕಿಲೋಮೀಟರ್, ಅಲ್ಲಿಂದ ಬೀಚ್ ಕಡೆ ಹೋಗದೆ ಬಂದರಿನ ಬದಿಯಿಂದ ಪಡುಕೆರೆ ಸೇತುವೆ ಹತ್ತಿದೆ. ಸೇತುವೆ ಇಳಿದ ಮೇಲೆ ಎಂತ ಹೇಳುದು ಮಾರಾಯ್ರೆ, ಬಲಕ್ಕೆ ಕಡಲು, ಎಡಕ್ಕೆ ತೆಂಗಿನ ತೋಟ, ತೋಟದ ಆಚೆ ಹೊಳೆ, ನಡುವಲ್ಲಿ ಸಣ್ಣ ರೋಡ್, ಸೈಕಲ್ ತನ್ನಷ್ಟಕ್ಕೆ ಓಡ್ತಾ ಉಂಟು. ನನಗೆ ಆಶ್ಚರ್ಯ, ಇಷ್ಟು ಸ್ಟ್ಯಾಮಿನಾ ನನ್ನಲ್ಲಿ ಎಲ್ಲಿ ಅಡಗಿ ಕೂತಿತ್ತು ಅಂತ. ಪಡುಕೆರೆ ಮುಗೀತು, ಮಟ್ಟು ಬಂತು, ಕೈಪುಂಜಾಲ್ ದಾಟಿತು, ಬೆವರು ಕೂಡ ಸರಿಯಾಗಿ ಬರ್ಲಿಲ್ಲ. ಮಲ್ಪೆಯಿಂದ ಸುಮಾರು 15 ಕಿ.ಮೀ. ಇರಬಹುದು, ಒಂದು ಗಂಟೆಗೂ ಮೊದಲೇ ಕಾಪು ಲೈಟ್ ಹೌಸ್ ಬುಡದಲ್ಲಿದ್ದೆ. ಮನೆಗೆ ಫೋನ್ ಮಾಡಿ ಬಡಾಯಿ ಕೊಚ್ಚಿದೆ ಬೇರೆ.

ಲೈಟ್ ಹೌಸ್ 1901ರದ್ದು, ಬ್ರಿಟಿಷರ ಕಾಲದ್ದು, ಕಡಲಿಗೆ ತಾಗಿದ ಬಂಡೆಯ ತಲೆಯಲ್ಲಿ ಕೂತಿದೆ. ಸಂಜೆ ಸ್ವಲ್ಪ ಹೊತ್ತು ಜನರನ್ನು ಮೇಲೆ ಬಿಡ್ತಾರೆ. ಹತ್ತಿದೆ, ಫೋಟೋ ತೆಗೆದೆ, ಕೆಳಗೆ ಬಂದು ಚರ್ಮುರಿ ತಿಂದೆ, ಸೂರ್ಯ ಮುಳುಗಿದ. ಎಲ್ಲ ಚಂದ. ಆರೂಕಾಲಿಗೆ ಸೈಕಲ್ ತಿರುಗಿಸಿದೆ ನೋಡಿ, ಆಗ ಗೊತ್ತಾಯ್ತು ಸ್ಟ್ಯಾಮಿನಾ ಯಾರದ್ದು ಅಂತ.

ಗಾಳಿಯದ್ದು. ಬರುವಾಗ ಇಡೀ ದಾರಿ ಅದೇ ಬೆನ್ನಿಗೆ ಕೈ ಕೊಟ್ಟು ದೂಡಿದ್ದು. ಈಗ ಅದೇ ಗಾಳಿ ಎದುರಿಗೆ. ನಮ್ಮಲ್ಲಿ ಮಳೆಗಾಲ ಬಿಟ್ಟು ಬಾಕಿ ದಿನ ಹೊತ್ತೇರಿದ ಹಾಗೆ ಕಡಲಿಂದ ಗಾಳಿ ಏಳ್ತದೆ, ನೆಲ ಕಾದು ಅದರ ಮೇಲಿನ ಗಾಳಿ ಮೇಲೆ ಹೋದ ಜಾಗಕ್ಕೆ ಕಡಲ ತಂಪು ಗಾಳಿ ನುಗ್ಗುದು, ಅದು ನೇರ ಪಡುವಿಂದ, ಅಂದ್ರೆ ಪಶ್ಚಿಮದಿಂದ ಬರುದಿಲ್ಲ, ಹೆಚ್ಚಾಗಿ ಬಡಗಿನ, ಅಂದ್ರೆ ಉತ್ತರದ ಕಡೆಯಿಂದ ವಾಲಿಕೊಂಡು ಬರ್ತದೆ. ಹಾಗಾಗಿ ಮಲ್ಪೆಯಿಂದ ತೆಂಕಿಗೆ (ದಕ್ಷಿಣಕ್ಕೆ) ಹೋಗುವವನಿಗೆ ಫ್ರೀ ಪಾಸು, ಹಿಂದೆ ಬರುವವನಿಗೆ ದಂಡ. ಇದು ಎಂಟನೇ ಕ್ಲಾಸಲ್ಲಿ ಕಲಿತ ಪಾಠವೇ, ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಮಾರ್ಕೂ ತಗೊಂಡಿದ್ದೇನೆ, ಆದ್ರೆ ಸೈಕಲ್ ಮೇಲೆ ಕೂತಾಗ ನೆನಪಿಗೆ ಬರ್ಬೇಕಲ್ಲ. ಮಲ್ಪೆ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಕಾಪಾಡಿದ್ರು, ಆ ಹಡಗಲ್ಲಿ ಬಂದ ಗೋಪಿಚಂದನದ ಗಡ್ಡೆಯೊಳಗೆ ಕೃಷ್ಣ ಸಿಕ್ಕಿದ ಅಂತ ನಮ್ಮ ಮನೆಮನೆಯಲ್ಲಿ ಕಥೆ ಹೇಳ್ತಾರೆ, ಆಚಾರ್ಯರನ್ನು ವಾಯುವಿನ ಅವತಾರ ಅಂತಲೇ ನಂಬುವ ಊರು ನಮ್ದು. ಅಂಥ ಊರಲ್ಲಿ ಹುಟ್ಟಿ ಗಾಳಿಯ ಲೆಕ್ಕ ಹಾಕದೆ ಹೊರಟದ್ದು ನನ್ನದೇ ತಪ್ಪು.

ತುಳಿದೆ, ತುಳಿದೆ, ಗೇರ್ ಎಷ್ಟು ಇಳಿಸಿದ್ರೂ ಸೈಕಲ್ ಮುಂದೆ ಹೋಗುದಿಲ್ಲ. ಲೈಟ್ ಇಲ್ಲ, ಮೊಬೈಲ್ ಟಾರ್ಚನ್ನು ಹ್ಯಾಂಡಲಿಗೆ ಕರ್ಚೀಫಲ್ಲಿ ಕಟ್ಟಿಕೊಂಡಿದ್ದೆ. ಹೈವೇಗೆ ಹೋಗುವ ಅಂದ್ರೆ ಕತ್ತಲಲ್ಲಿ ಲೈಟಿಲ್ಲದ ಸೈಕಲ್ ತಗೊಂಡು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಹೋಗುದು ಅಂದ್ರೆ ಎಂತ ಮರ್ಲಾ (ಹುಚ್ಚಾ), ಅದಕ್ಕಿಂತ ಈ ಗಾಳಿಯೇ ವಾಸಿ. ಮಟ್ಟು ಹತ್ರ ಬರುವಾಗ ಹಿಂದಿನ ಚಕ್ರ ಕಿರ್ರ್ ಅಂತ ನಿಂತೇಬಿಟ್ಟಿತು. ನೋಡಿದ್ರೆ ಬಲೆಯ ನೈಲಾನ್ ದಾರ, ರೋಡಲ್ಲಿ ಬಿದ್ದಿದ್ದ ತುಂಡು ಗೇರಿನ ಸಣ್ಣ ಚಕ್ರಕ್ಕೆ ಸುತ್ತಿ ಸುತ್ತಿ ಗಂಟಾಗಿದೆ. ಕೈಯಲ್ಲಿ ಎಳೆದ್ರೆ ಬೆರಳು ಕೊಯ್ದೀತೇ ಹೊರತು ದಾರ ತುಂಡಾಗುದಿಲ್ಲ, ಮೀನು ಹಿಡೀಲಿಕ್ಕೆ ಮಾಡಿದ್ದಲ್ವಾ ಅದು.

ಮನೆಯಂಗಳದಲ್ಲಿ ಕೂತಿದ್ದ ಒಬ್ರು ಎದ್ದು ಬಂದ್ರು, ಅರವತ್ತರ ಮೇಲಿನ ಪ್ರಾಯ, ಲುಂಗಿ, ತಲೆಗೆ ಮುಂಡಾಸು. "ಓಡೆಗ್ ಪೋಪಿನಿ?" (ಎಲ್ಲಿಗೆ ಹೋಗುದು?) ಅಂತ ತುಳುವಲ್ಲಿ ಕೇಳಿದ್ರು. ಉಡುಪಿಗೆ ಅಂದೆ. ನನ್ನನ್ನೂ ಸೈಕಲನ್ನೂ ಒಮ್ಮೆ ನೋಡಿದ್ರು, ಒಳಗಿಂದ ಬಲೆ ಕೊಯ್ಯುವ ಸಣ್ಣ ಕತ್ತಿ ತಂದು ಎರಡೇ ನಿಮಿಷದಲ್ಲಿ ದಾರ ಬಿಡಿಸಿದ್ರು. ಆಮೇಲೆ ಕನ್ನಡದಲ್ಲಿ, "ಈ ಹೊತ್ತಿಗೆ ಬಡಗಿಗೆ ನಾವು ದೋಣಿಯನ್ನೇ ಬಿಡುದಿಲ್ಲ, ನೀವು ಸೈಕಲ್ ಬಿಟ್ಟಿದ್ದೀರಲ್ಲ" ಅಂದ್ರು. ನಗಾಡಿದ್ದಲ್ಲ, ಸೀರಿಯಸ್ಸಾಗಿಯೇ ಹೇಳಿದ್ದು. ಅರ್ಧ ಗಂಟೆ ಅಲ್ಲೇ ಕೂತು ಒಂದು ಬೊಂಡ (ಎಳನೀರು) ಕುಡಿದು ಗಾಳಿ ಸ್ವಲ್ಪ ತಗ್ಗಿದ ಮೇಲೆ ಹೊರಟೆ. ಮನೆಗೆ ಮುಟ್ಟುವಾಗ ಒಂಬತ್ತು ಗಂಟೆ, ಹೆಂಡತಿ ಗೇಟಲ್ಲಿ ನಿಂತಿದ್ಲು, ಮಾತಾಡ್ಲಿಲ್ಲ, ಅದು ಬೈಯುವುದಕ್ಕಿಂತ ಕಷ್ಟ.

ಅದರ ನಂತರ ಈಗ ಮೂರು ವರ್ಷ ಆಯ್ತು, ನವೆಂಬರಿಂದ ಫೆಬ್ರವರಿ ತನಕ ತಿಂಗಳಿಗೆ ಎರಡು ಸಲ ಆದ್ರೂ ಹೋಗ್ತೇನೆ, ಆದ್ರೆ ಬೆಳಿಗ್ಗೆ ಮಾತ್ರ. ಐದೂಮುಕ್ಕಾಲಿಗೆ ಮನೆ ಬಿಟ್ರೆ ಬೆಳಕು ಹರಿಯುವ ಹೊತ್ತಿಗೆ ಮಲ್ಪೆ. ಆ ಹೊತ್ತಿಗೆ ಗಾಳಿ ಇದ್ರೂ ನೆಲದಿಂದ ಕಡಲಿಗೆ ಬೀಸುವ ತೆಳು ಗಾಳಿ, ಬದಿಯಿಂದ ಬರ್ತದೆ, ತೆಂಗಿನ ತೋಟ ಅಡ್ಡ ಇರುವ ಕಡೆ ಗೊತ್ತೇ ಆಗುದಿಲ್ಲ. ಹೋಗ್ಲಿಕ್ಕೂ ಬರ್ಲಿಕ್ಕೂ ಒಂದೇ ಕಷ್ಟ. ಹತ್ತು, ಹತ್ತೂವರೆ ಒಳಗೆ ಮಲ್ಪೆಗೆ ವಾಪಸ್ ಮುಟ್ಟಿದ್ರೆ ಕಡಲ ಗಾಳಿ ಏಳುವ ಮೊದಲು ಮುಗೀತು. ಹನ್ನೊಂದು ಆಯ್ತೋ, ಪಡುಕೆರೆಯಲ್ಲಿ ತೆಂಗಿನ ಗರಿ ಸದ್ದು ಮಾಡ್ಲಿಕ್ಕೆ ಶುರು ಮಾಡ್ತದೆ, ಅದೇ ಅಲಾರಂ.

ಮತ್ತೆ ಒಂದು ವಿಷಯ, ಜನ ಸೂರ್ಯಾಸ್ತ ಸೂರ್ಯಾಸ್ತ ಅಂತ ಸಾಯ್ತಾರೆ, ನನಗೀಗ ಬೆಳಗ್ಗಿನ ಕಡಲೇ ಇಷ್ಟ. ಸೂರ್ಯ ಹೊಳೆಯ ಕಡೆಯಿಂದ ತೆಂಗಿನ ತಲೆ ಮೇಲೆ ಬರ್ತಾನೆ, ಬೆಳಕು ನಮ್ಮ ಬೆನ್ನ ಕಡೆಯಿಂದ ಕಡಲ ಮೇಲೆ ಬೀಳ್ತದೆ, ಆವಾಗ ನೀರಿನ ಬಣ್ಣ ನಿಜವಾಗಿ ಕಾಣ್ತದೆ, ದೂರದಲ್ಲಿ ಸೇಂಟ್ ಮೇರಿಸ್ ದ್ವೀಪದ ಗೆರೆ ಕಾಣ್ತದೆ. ಸಂಜೆ ಎಂತ ಕಾಣುದು, ಕಣ್ಣು ಚುಚ್ಚುದು ಅಷ್ಟೆ.

ಮಲ್ಪೆ ಬಂದರಿನ ಹತ್ರ ಮಾತ್ರ ಬೆಳಿಗ್ಗೆ ಜಾಗ್ರತೆ ಬೇಕು. ಮೀನಿನ ಏಲಂ, ಮಂಜುಗಡ್ಡೆ ಲಾರಿ, ಬುಟ್ಟಿ ಹೊತ್ತ ಹೆಂಗಸರು, ರಿಕ್ಷಾ ಎಲ್ಲ ಒಟ್ಟಿಗೆ. ಮೀನಿನ ಲಾರಿಯಿಂದ ಸೋರುವ ನೀರು ರೋಡಲ್ಲಿ ಎಣ್ಣೆ ಹಾಗೆ, ಬ್ರೇಕ್ ಹಿಡಿದ್ರೆ ಸೀದಾ ನೆಲಕ್ಕೆ. ನಾನು ಒಮ್ಮೆ ಬಿದ್ದಿದ್ದೇನೆ, ಪೆಟ್ಟಾದದ್ದು ಕಮ್ಮಿ, ಮನೆ ತನಕ ಬಂಗುಡೆ ವಾಸನೆ ಹೊತ್ಕೊಂಡು ಬಂದದ್ದೇ ಜಾಸ್ತಿ. ಒದ್ದೆ ಕಂಡ್ರೆ ಈಗ ಬ್ರೇಕ್ ಮುಟ್ಟುದಿಲ್ಲ, ತಿರುಗಿಸುದಿಲ್ಲ, ನೇರ ಬಿಟ್ಟುಬಿಡ್ತೇನೆ.

ಸೇತುವೆ ದಾಟಿದ ಮೇಲೆ ರೋಡ್ ಅಂತ ನಾವು ಹೇಳುದು, ಅಲ್ಲಿಯವರಿಗೆ ಅದು ಅಂಗಳ. ಬಲೆ ಹರಡಿರ್ತಾರೆ, ಮೀನು ಒಣಗಲಿಕ್ಕೆ ಹಾಕಿರ್ತಾರೆ, ನಾಡದೋಣಿ ಬದಿಯಲ್ಲಿ ಕವುಚಿರ್ತಾರೆ, ಕೆಲವು ದಿನ ಕೈರಂಪಣಿ ಬಲೆಯನ್ನು ದಡದಲ್ಲಿ ನಿಂತು ಕೈಯಲ್ಲೇ ಎಳೆಯುವವರ ಸಾಲೂ ಸಿಗ್ತದೆ. ಬಲೆ ಕಂಡ್ರೆ ಇಳಿದು ಸೈಕಲ್ ದೂಡಿಕೊಂಡು ಬದಿಯಲ್ಲಿ ಹೋಗುದು, ಬಲೆ ಮೇಲೆ ಚಕ್ರ ಹತ್ತಿಸಬಾರ್ದು. ಅದು ಮರ್ಯಾದೆಯ ಪ್ರಶ್ನೆಯೂ ಹೌದು, ಮತ್ತೆ ಆ ದಾರ ಚಕ್ರಕ್ಕೆ ಸುತ್ತಿದ್ರೆ ಎಂತ ಆಗ್ತದೆ ಅಂತ ಮೇಲೆ ಹೇಳಿದ್ದೇನಲ್ಲ. ಈಗ ಬ್ಯಾಗಲ್ಲಿ ಒಂದು ಬ್ಲೇಡು ಇಟ್ಕೊಳ್ತೇನೆ. ಒಣ ಮೀನಿನ ಹತ್ರ ನಾಯಿಗಳು ಇರ್ತವೆ, ಓಡಿಸಿಕೊಂಡು ಬಂದ್ರೆ ಜೋರು ತುಳೀಬೇಡಿ, ಇಳಿದು ನಿಂತುಬಿಡಿ, ಅವಕ್ಕೆ ಬೋರ್ ಆಗಿ ಹೋಗ್ತವೆ.

ಮಟ್ಟುವಿನಲ್ಲಿ ನಾನು ಯಾವಾಗ್ಲೂ ನಿಲ್ತೇನೆ. ಅಲ್ಲಿ ಒಂದು ಕಡೆ ಕಡಲು ಮತ್ತು ಹೊಳೆ ಎಷ್ಟು ಹತ್ರ ಬರ್ತವೆ ಅಂದ್ರೆ ನಡುವೆ ರೋಡಿಗೆ ಮಾತ್ರ ಜಾಗ ಉಳಿದ ಹಾಗೆ ಕಾಣ್ತದೆ. ಮತ್ತೆ ಗುಳ್ಳ. ಭತ್ತ ಕೊಯ್ದ ಮೇಲೆ ಆ ಗದ್ದೆಗಳಲ್ಲೇ ಬೆಳೆಯುವ ತಿಳಿ ಹಸಿರು ಉಂಡೆ ಬದನೆ, ಸೋದೆ ಮಠದ ವಾದಿರಾಜರು ಕೊಟ್ಟ ಬೀಜ ಅಂತ ನಂಬಿಕೆ, 2011ರಲ್ಲಿ ಜಿಐ ಟ್ಯಾಗೂ (ಈ ಊರಿನದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿತು. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಕೃಷ್ಣ ಮಠದ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಹಬ್ಬ, ಆಗ್ತದಲ್ಲ, ಅದರ ಊಟಕ್ಕೆ ಮಟ್ಟು ಗುಳ್ಳ ಇಲ್ಲದಿದ್ರೆ ನಡೆಯುದಿಲ್ಲ. ಪೇಟೆಯಲ್ಲಿ ಮಟ್ಟು ಗುಳ್ಳ ಅಂತ ಬೇರೆ ಎಂತೆಂಥದೋ ಕೊಡ್ತಾರೆ, ಹುಳಿಗೆ ಹಾಕಿದ್ರೆ ಕರಗಿ ಗಂಜಿ ಆಗ್ತದೆ, ನಿಜವಾದದ್ದು ಬೆಂದರೂ ಹೋಳು ಹೋಳಾಗಿ ನಿಲ್ತದೆ. ಸೈಕಲಲ್ಲಿ ತರುವಾಗ ತೊಟ್ಟಿನ ಮುಳ್ಳು ಬ್ಯಾಗ್ ತೂತು ಮಾಡ್ತದೆ, ಪೇಪರ್ ಸುತ್ತಿ ಹಾಕಿ. ದಾರಿಯಲ್ಲಿ ಸೈಕಲಿಗೆ ಎಂತಾದ್ರೂ ಆದ್ರೆ ಮಟ್ಟುವಿಂದ ಮೂಡಿಗೆ (ಪೂರ್ವಕ್ಕೆ) ಕಟಪಾಡಿಗೆ ಹೋಗ್ಬಹುದು, ಅಲ್ಲಿ ಹೈವೇ, ರಿಕ್ಷಾ ಎಲ್ಲ ಸಿಗ್ತದೆ.

ಕಾಪುವಿನಲ್ಲಿ ನಾನು ಮುಟ್ಟುವ ಬೆಳಗ್ಗಿನ ಹೊತ್ತಿಗೆ ಲೈಟ್ ಹೌಸ್ ಒಳಗೆ ಬಿಡುದಿಲ್ಲ, ಅದೊಂದು ನಷ್ಟ, ಒಪ್ಪಿಕೊಳ್ತೇನೆ. ಬಂಡೆ ಮೇಲೆ ಕೂತು ನೀರು ಕುಡಿದು ತಿರುಗುದು. ಭರತ (ಕಡಲ ಉಬ್ಬರ) ಇರುವಾಗ ಬಂಡೆಯ ಸುತ್ತ ನೀರು ಬರ್ತದೆ, ಆ ಕಲ್ಲಿನ ಹತ್ರ ಈಜಲಿಕ್ಕೆ ಇಳಿಯುವ ಬುದ್ಧಿ ಮಾಡ್ಬೇಡಿ. ವಾಪಸ್ ಬರುವಾಗ ಹೋಟೆಲಲ್ಲಿ ಬನ್ಸ್, ಒಂದು ಚಾ, ಡಾಕ್ಟ್ರಿಗೆ ಹೇಳ್ಬೇಡಿ.

ಮನೆಗೆ ಬಂದ ಕೂಡಲೇ ಸೈಕಲಿಗೆ ಸ್ನಾನ. ನಿಮಗಿಂತ ಮೊದಲು ಅದಕ್ಕೆ. ಮೊದಲ ಸಲ ಹಾಗೇ ನಿಲ್ಲಿಸಿದ್ದೆ, ಒಂದು ವಾರ ಬಿಟ್ಟು ನೋಡಿದ್ರೆ ಚೈನ್ ಇಡೀ ಕೆಂಪು, ತುಳಿದ್ರೆ ಇಲಿ ಕೂಗಿದ ಹಾಗೆ ಸದ್ದು. ಮರಳಿಗಿಂತ ಆ ಉಪ್ಪು ಗಾಳಿಯೇ ದೊಡ್ಡ ಶತ್ರು. ಸಿಹಿ ನೀರು ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಲ್ಲಿ ಒಣಗಿಸಿ ಚೈನಿಗೆ ಎಣ್ಣೆ, ಹತ್ತು ನಿಮಿಷದ ಕೆಲಸ.

ಮಳೆಗಾಲದಲ್ಲಿ ಈ ದಾರಿ ಬೇಡ. ಜೂನ್, ಜುಲೈ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುದಿಲ್ಲ, ನಿಷೇಧ ಇರ್ತದೆ. ಪಡುಕೆರೆ, ಮಟ್ಟು ಕಡೆ ಕಡಲ್ಕೊರೆತ ಜೋರಾದಾಗ ಅಲೆ ಕಲ್ಲಿನ ಗೋಡೆ ಹಾರಿ ರೋಡಿಗೆ ಬರ್ತದೆ, ಅಲ್ಲಿಯ ಜನ ಮನೆ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿರುವಾಗ ನಾವು ಹೋಗಿ ವಿಡಿಯೋ ತೆಗೆಯುದು ಸರಿ ಕಾಣುದಿಲ್ಲ. ಮಾರ್ಚ್ ನಂತರ ಬೆವರಲ್ಲೇ ಅರ್ಧ ಜೀವ ಹೋಗ್ತದೆ, ಆದ್ರೂ ಏಳು ಗಂಟೆ ಒಳಗೆ ಮಟ್ಟು ತನಕ ಹೋಗಿ ಬರ್ಬಹುದು.

ಆ ಕತ್ತಿಯ ಅಣ್ಣ ಈಗಲೂ ಸಿಗ್ತಾರೆ. ಸೈಕಲ್ ಕಂಡ್ರೆ ಕೈ ಎತ್ತುತ್ತಾರೆ, ಕೆಲವು ಸಲ ಮಾತಾಡ್ತಾರೆ, ಹೆಚ್ಚಾಗಿ ಇಲ್ಲ. ಮೊನ್ನೆ ಜನವರಿಯಲ್ಲಿ ಒಂದಿನ ನಾನು ಬರುದನ್ನು ನೋಡಿ ಅವರಾಗಿಯೇ ರೋಡಿಗೆ ಬಂದು, ಕಡಲ ಕಡೆ ಒಮ್ಮೆ ನೋಡಿ, "ಇವತ್ತು ತೆಂಕು ಗಾಳಿ, ಕಾಪು ತನಕ ಬೇಡ" ಅಂದ್ರು. ನನಗೆ ಎಂತದೂ ಗೊತ್ತಾಗ್ಲಿಲ್ಲ, ಒಂದು ಎಲೆ ಅಲುಗಾಡ್ತಾ ಇರ್ಲಿಲ್ಲ. ಕೈಪುಂಜಾಲ್ ದಾಟುವ ಮೊದಲೇ ಎದೆಗೆ ಗಾಳಿ ಬಂತು. ಸುಮ್ನೆ ಸೈಕಲ್ ತಿರುಗಿಸಿದೆ, ಮಟ್ಟುವಿನಲ್ಲಿ ಎರಡು ಕಿಲೋ ಗುಳ್ಳ ತಗೊಂಡೆ, ಎಂಟೂವರೆಗೆ ಮನೆ. ಹೆಂಡತಿ ಗಡಿಯಾರ ನೋಡಿ "ಎಂತ, ಇಷ್ಟು ಬೇಗ?" ಅಂತ ಕೇಳಿದ್ಲು.