ದೂರ ಗೊತ್ತಿದ್ರೆ ವಿಮಾನದ ಅವಧಿ ಬಾಯಲ್ಲೇ ಲೆಕ್ಕ ಹಾಕಿ
ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರವನ್ನ ಕಿಲೋಮೀಟರಿನಲ್ಲಿ ತಗೊಂಡು 850ರಿಂದ ಭಾಗಿಸಿ, ಬಂದಿದ್ದಕ್ಕೆ ಅರ್ಧ ಗಂಟೆ ಸೇರಿಸಿ. ದೂರದ ನೇರ ವಿಮಾನದ ಅವಧಿ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಜೆಟ್‌ಗಳು ಮೇಲೇರಿದ ಮೇಲೆ ಗಂಟೆಗೆ 850ರಿಂದ 900 ಕಿ.ಮೀ. ವೇಗದಲ್ಲಿ ಹಾರುತ್ತವೆ, ಆ ಅರ್ಧ ಗಂಟೆ ರನ್‌ವೇವರೆಗಿನ ಓಟಕ್ಕೆ, ಏರೋದಕ್ಕೆ, ಇಳಿಯೋದಕ್ಕೆ. ಲಂಡನ್–ನ್ಯೂಯಾರ್ಕ್ ಸುಮಾರು 5,550 ಕಿ.ಮೀ., ಅಂದ್ರೆ ಆರೂವರೆ ಪ್ಲಸ್ ಅರ್ಧ, ಏಳು ಗಂಟೆ. ಆದರೆ ಜೆಟ್ ಸ್ಟ್ರೀಮ್ ಅನ್ನೋ ಎತ್ತರದ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸೋದರಿಂದ ನ್ಯೂಯಾರ್ಕ್ ಕಡೆಗೆ ಹೋಗುವಾಗ ಸುಮಾರು ಒಂದು ಗಂಟೆ ಜಾಸ್ತಿ ಇಟ್ಕೊಳ್ಳಿ, ಚಳಿಗಾಲದಲ್ಲಂತೂ ಖಂಡಿತ. ದೂರವನ್ನ ದಯವಿಟ್ಟು ಗೋಡೆ ಮೇಲಿನ ನಕ್ಷೆಗೆ ಸ್ಕೇಲ್ ಇಟ್ಟು ಅಳೀಬೇಡಿ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಎಳೆದು ನೋಡಿ, ಲಂಡನ್‌ನಿಂದ ಲಾಸ್ ಏಂಜಲೀಸ್‌ಗೆ ಹತ್ತಿರದ ದಾರಿ ಗ್ರೀನ್‌ಲ್ಯಾಂಡ್ ಮೇಲೇ ಹಾಯುತ್ತೆ! ಗೂಗಲ್ ಅರ್ತ್‌ನ ಅಳತೆಪಟ್ಟಿಯೂ ಹೀಗೇ ಅಳೆಯುತ್ತೆ. ಪ್ರೊಪೆಲ್ಲರ್ ಇರೋ ಚಿಕ್ಕ ವಿಮಾನಗಳಿಗೆ ಈ ಲೆಕ್ಕ ನಡೆಯಲ್ಲ, ಅವು ತುಂಬಾ ನಿಧಾನ. ಆಕಾಶಮಾರ್ಗ ಮುಚ್ಚಿದ್ದರೂ ಕೈಕೊಡುತ್ತೆ: 2022ರಲ್ಲಿ ರಷ್ಯಾದ ಮೇಲಿನ ದಾರಿ ಬಂದ್ ಆದಾಗ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆ ಇದ್ದದ್ದು ಸುಮಾರು ಹದಿಮೂರಕ್ಕೆ ಏರಿತು.