ಪಡುವಣದಲ್ಲಿ ಮೂಡುವ ಚಂದ್ರ

ಕಾದಂಬರಿಗೆ ಒಂದು ಗ್ರಹ ಬೇಕಿತ್ತು. ಹೆಸರು ಮೊದಲೇ ಹೊಳೆದಿತ್ತು: ಒಮ್ಮೊಗ. ನಮ್ಮ ಚಂದ್ರ ಭೂಮಿಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನಲ್ಲ, ಹಾಗೇ ಇದು ತನ್ನ ಸೂರ್ಯನಿಗೆ ಒಂದೇ ಮುಖ ತೋರಿಸುತ್ತದೆ. ಒಂದು ಕಡೆ ಮುಗಿಯದ ಹಗಲು, ಇನ್ನೊಂದು ಕಡೆ ಮುಗಿಯದ ರಾತ್ರಿ, ನಡುವೆ ಮುಸ್ಸಂಜೆಯ ಪಟ್ಟಿ. ಜನ ಇರುವುದು ಆ ಪಟ್ಟಿಯಲ್ಲಿ. ಅಂದಕ್ಕಿರಲಿ ಅಂತ ಎರಡು ದೊಡ್ಡ ಚಂದ್ರರನ್ನೂ ಸೇರಿಸಿ 40 ಪುಟ ಬರೆದೆ. ಆಮೇಲೆ ಸುಮ್ನೆ ಒಂದು ಸಲ ಲೆಕ್ಕ ನೋಡೋಣ ಅಂತ ಎಕ್ಸೆಲ್ ತೆರೆದೆ. ಕೆಟ್ಟೆ.

ಇಂಥ ಗ್ರಹಗಳು ಇರಬಹುದಾದ ಜಾಗ ಕೆಂಪು ಕುಬ್ಜ ನಕ್ಷತ್ರಗಳ ಹತ್ತಿರ, ಅಂದರೆ ನಮ್ಮ ಸೂರ್ಯನಿಗಿಂತ ಸಣ್ಣ, ಮಂದ ನಕ್ಷತ್ರಗಳ ಹತ್ತಿರ. 2016ರಲ್ಲಿ ಪತ್ತೆಯಾದ ಪ್ರಾಕ್ಸಿಮಾ ಬಿ ಅನ್ನುವ ಗ್ರಹ ತನ್ನ ನಕ್ಷತ್ರವನ್ನು ಸುಮಾರು 11 ದಿನಕ್ಕೇ ಸುತ್ತಿ ಬರುತ್ತದೆ. ನಾನು ಸ್ವಲ್ಪ ದೊಡ್ಡ ನಕ್ಷತ್ರ ತಗೊಂಡೆ, ನಮ್ಮ ಸೂರ್ಯನ ತೂಕದ 0.3 ಪಾಲು. ಗ್ರಹ ಭೂಮಿಯಷ್ಟೇ ತೂಕ, ವರ್ಷಕ್ಕೆ 20 ದಿನ. ಹಾಗಾದರೆ ನಕ್ಷತ್ರ ಇರುವುದು ಬರೀ 1 ಕೋಟಿ 44 ಲಕ್ಷ ಕಿಲೋಮೀಟರ್ ದೂರದಲ್ಲಿ.

ಅಷ್ಟು ಹತ್ತಿರ ಅಂಥ ಭಾರದ ನಕ್ಷತ್ರ ಕೂತಿದ್ದರೆ ಚಂದ್ರರ ಮೇಲೆ ಗ್ರಹದ ಹಿಡಿತ ಎಷ್ಟು ದೂರ ನಡೆದೀತು? ಸುಮಾರು 2 ಲಕ್ಷ 15 ಸಾವಿರ ಕಿಲೋಮೀಟರ್. ಅದರಲ್ಲೂ ಒಳಗಿನ ಅರ್ಧ ಮಾತ್ರ ಭದ್ರ. ನಮ್ಮ ಚಂದ್ರ ಇರುವುದು 3 ಲಕ್ಷ 84 ಸಾವಿರದಲ್ಲಿ. ಒಮ್ಮೊಗದ ಚಂದ್ರನನ್ನು ಅಷ್ಟು ದೂರ ಇಟ್ಟರೆ ಅದರ ಸೂರ್ಯ ಎಳೆದುಕೊಂಡು ಹೋಗುತ್ತಾನೆ.

ಹತ್ತಿರ ತಂದರೆ ಇನ್ನೊಂದು ಪೀಡೆ. ಗ್ರಹ ತನ್ನ ಸುತ್ತ ತಿರುಗುವುದು ನಿಧಾನ, ಚಂದ್ರ ಅದನ್ನು ಸುತ್ತುವುದು ಚುರುಕು. ಆಗ ಚಂದ್ರನ ಸೆಳೆತಕ್ಕೆ ಗ್ರಹದಲ್ಲಿ ಏಳುವ ಉಬ್ಬರ ಚಂದ್ರನಿಗಿಂತ ಹಿಂದೆ ಬೀಳುತ್ತದೆ, ಅದೇ ಚಂದ್ರನನ್ನು ಹಿಂದಕ್ಕೆ ಜಗ್ಗಿ ಒಳಗೆ ಎಳೆಯುತ್ತದೆ. ಮಂಗಳನ ಚಂದ್ರ ಫೋಬೋಸ್‌ಗೆ ಆಗುತ್ತಿರುವುದು ಇದೇ, ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಒಳಗೆ ಸರಿಯುತ್ತಿದೆ. ಚಂದ್ರ ದೊಡ್ಡದಾದಷ್ಟೂ ಬೇಗ ಬೀಳುತ್ತದೆ. ನನ್ನ ದೊಡ್ಡ ಚಂದ್ರರು ಅಲ್ಲಿಗೆ ಹೋದರು, ಜೊತೆಗೆ 40 ಪುಟವೂ. ಬೇಜಾರಾಯ್ತು, ಸುಳ್ಳೇಕೆ.

ಉಳಿದದ್ದು ಎರಡು ಕಲ್ಲುಂಡೆ. ದೂರದ್ದು ಸೋಂಬ, ಬರೀ ಚುಕ್ಕಿ. ಹತ್ತಿರದ್ದು ಗಿರಕಿ: ಅಡ್ಡಳತೆ 40 ಕಿಲೋಮೀಟರ್, ಗ್ರಹದ ನಡುವಿನಿಂದ 30 ಸಾವಿರ ಕಿಲೋಮೀಟರ್ ದೂರ. ನೆಲದ ಮೇಲೆ ನಿಂತವರಿಗೆ ಒಂದು ಸುತ್ತು ಸುಮಾರು 15 ಗಂಟೆ. ಆಕಾಶದಲ್ಲಿ ನಮ್ಮ ಚಂದ್ರನ ಐದನೇ ಒಂದು ಪಾಲಿನಷ್ಟು ಕಾಣುತ್ತದೆ.

ರಾತ್ರಿ ಊಟದ ಮೇಜಿನ ಮೇಲೆ ಟೇಬಲ್ ಲ್ಯಾಂಪ್ ಹಚ್ಚಿ, ಮೋಸಂಬಿ ಇಟ್ಟು, ಊದುಕಡ್ಡಿಯ ತುದಿಗೆ ಕಡಲೆಕಾಳು ಚುಚ್ಚಿಕೊಂಡು ಸುತ್ತಿಸಿದೆ. ಮಗಳು ಮೋಸಂಬಿಗೆ ಕೆನ್ನೆ ಒತ್ತಿ ನೋಡುತ್ತಿದ್ದಳು. "ಅಪ್ಪಾ, ಇದು ಮುಳುಗೋ ಕಡೆಯಿಂದ ಹುಟ್ಟುತ್ತಲ್ಲ!" ಅಂದಳು. ನಿಜ. ಗ್ರಹ ತಿರುಗುವುದಕ್ಕಿಂತ ಗಿರಕಿಯ ಓಟ ಜಾಸ್ತಿ. ಹಾಗಾಗಿ ಪಡುವಣದಲ್ಲಿ ಮೂಡಿ ಮೂಡಣದಲ್ಲಿ ಮುಳುಗುತ್ತದೆ.

ನನ್ನ ಕತೆಯ ಊರಲ್ಲಿ ಸೂರ್ಯ ಪಡುವಣದ ಅಂಚಿಗೆ ಅಂಟಿಕೊಂಡಿದ್ದಾನೆ, ನಮ್ಮ ಸೂರ್ಯನ ಮೂರರಷ್ಟು ಅಗಲ. ಗಿರಕಿ ಅದೇ ಕಡೆಯಿಂದ ಬಿದಿಗೆಯ ಗೆರೆಯಾಗಿ ಮೂಡುತ್ತದೆ. ನೆತ್ತಿಗೆ ಬಂದಾಗ ಅಷ್ಟಮಿ. ಮುಳುಗುವಾಗ ಹೆಚ್ಚುಕಡಿಮೆ ಹುಣ್ಣಿಮೆ. ಇಷ್ಟಕ್ಕೆ ಹಿಡಿಯುವುದು ಆರೂವರೆ ಗಂಟೆ. ಸೂರ್ಯ ಅಲ್ಲಾಡುವುದಿಲ್ಲ, ಆದ್ದರಿಂದ ಆಕಾಶದ ಯಾವ ಜಾಗಕ್ಕೆ ಯಾವ ತಿಥಿ ಅನ್ನುವುದೂ ಬದಲಾಗುವುದಿಲ್ಲ. ಪಂಚಾಂಗವೇ ಬೇಡ, ಕತ್ತೆತ್ತಿದರೆ ಸಾಕು.

ಇನ್ನು ಭಾಷೆ. ಲೆಕ್ಕಕ್ಕಿಂತ ಜಾಸ್ತಿ ಕಾಡಿದ್ದು ಇದೇ. ಮೂಡುವ ಕಡೆ ಮೂಡಣ ಅಲ್ವಾ? ಅಲ್ಲಿ ಮೂಡುವುದು ಪಡುವಣದಲ್ಲಿ. ಹಾಗಾಗಿ ಅವರಿಗೆ ಬಿಸಿಗಡೆ, ತಣ್ಗಡೆ ಅಂತ ಬೇರೆ ದಿಕ್ಕು ಕೊಟ್ಟೆ. ತಿಂಗಳು ಅಂದರೆ 15 ಗಂಟೆ. 60 ವರ್ಷದ ಅಜ್ಜಿಗೆ ಅವರ ಲೆಕ್ಕದಲ್ಲಿ 1,095 ವಯಸ್ಸು. "ನಾಳೆ" ಅನ್ನುವ ಪದ ಹುಡುಕಿ ಹುಡುಕಿ ಅಳಿಸಿದೆ. "ಗಿರಕಿ ಎರಡು ಸಲ ಮುಳುಗಿದ ಮೇಲೆ ಸಾಲ ತೀರಿಸ್ತೀನಿ" ಅಂತ ಒಬ್ಬ ಹೇಳುತ್ತಾನೆ. ಅದು ತಾನಾಗಿ ಬಂತು.

ಈಗ ಬರೆಯುತ್ತಿರುವ ಅಧ್ಯಾಯ ಕತ್ತಲ ಕಡೆಯ ನಟ್ಟನಡುವಿನ ಒಂದು ಗಣಿಯೂರಿನದು. ಅಲ್ಲಿ ಗಿರಕಿ ನೆತ್ತಿಗೆ ಬರುವ ಹೊತ್ತಿಗೆ ಪ್ರತಿ ಸಲವೂ ಗ್ರಹದ ನೆರಳಿಗೆ ಸಿಕ್ಕು ಸುಮಾರು ಒಂದು ಗಂಟೆ ಮಾಯವಾಗುತ್ತದೆ. ಗಣಿಯ ಆಳುಗಳಿಗೆ ಅದೇ ಊಟದ ಬಿಡುವು.