ಕಲ್ಯಾಣಿ ಕೆಲಸದಲ್ಲಿ ಕ್ಯಾಮೆರಾ ಎತ್ತ ತಿರುಗಬೇಕು

ಕೋಲಾರದ ಸುತ್ತಿನ ಹಳ್ಳಿಗಳಲ್ಲಿ ಹಳೆಯ ಕಲ್ಯಾಣಿಗಳ ಹೂಳೆತ್ತುವ ತಂಡವೊಂದಕ್ಕೆ ಫೋಟೊ, ಪೋಸ್ಟುಗಳ ಜವಾಬ್ದಾರಿ ನನ್ನದು. ಈ ಕೆಲಸದಲ್ಲಿ ನನಗೆ ಖಚಿತವಾದದ್ದೇನೆಂದರೆ, ಕ್ಯಾಮೆರಾ ಎತ್ತ ತಿರುಗುತ್ತದೋ ಸನಿಕೆಗಳೂ ಅತ್ತಲೇ ಹೋಗುತ್ತವೆ.

ಮೆಟ್ಟಿಲು ಉಜ್ಜುವುದು ಫೋಟೊದಲ್ಲಿ ಚೆಂದ ಕಾಣುತ್ತದೆ. ಮಳೆನೀರು ಒಳಗೆ ಬರುವ ಕಾಲುವೆ ಜಾಲಿ ಮುಳ್ಳಿನ ಮಧ್ಯೆ ಎಲ್ಲೋ ಇರುತ್ತದೆ, ಅಲ್ಲಿ ಬಗ್ಗಿ ಮಣ್ಣು ತೆಗೆಯುವವರ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಾಗಿ ಎಲ್ಲರೂ ಮೆಟ್ಟಿಲ ಮೇಲೆ ಸೇರುತ್ತಾರೆ, ಕಾಲುವೆ ಹಾಗೇ ಉಳಿಯುತ್ತದೆ. ಕಾಲುವೆಯ ಬಾಯಲ್ಲಿ ಮಣ್ಣು ತಂಗಲು ಒಂದು ಗುಂಡಿ ಇಲ್ಲದಿದ್ದರೆ ಮುಂದಿನ ಜೋರು ಮಳೆಗೇ ಹೂಳು ಮತ್ತೆ ಕಲ್ಯಾಣಿಯೊಳಗೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ಇಲ್ಲಿ ತೋರಿಕೆಗೆ ತೆರುವ ಬೆಲೆ ನೀರು.

ಪ್ರಚಾರವೇ ಬೇಡ ಎಂದು ಸುಮ್ಮನಿರಲೂ ಆಗುವುದಿಲ್ಲ. ಜನ ಬರಬೇಕು, ದುಡ್ಡು ಕೊಟ್ಟವರಿಗೆ ಲೆಕ್ಕ ಸಿಗಬೇಕು. ಅದಕ್ಕೆ ಫೋಟೊ ತೆಗೆಯುವ ಜಾಗವನ್ನೇ ಮೊದಲು ಗೊತ್ತು ಮಾಡುತ್ತೇನೆ. ಕಲ್ಯಾಣಿಯ ಒಂದು ಮೂಲೆ, ಕಾಲುವೆಯ ಬಾಯಿ, ಮಣ್ಣು ಸುರಿಯುವ ಜಾಗ: ಈ ಮೂರೂ ಕಡೆ ಕಲ್ಲಿನ ಮೇಲೆ ಸುಣ್ಣದ ಗುರುತು. ಕೆಲಸಕ್ಕೆ ಮುಂಚೆ ಒಂದು, ಮುಗಿದ ಮೇಲೆ ಒಂದು, ಅದೇ ಗುರುತಿನ ಮೇಲೆ ನಿಂತು, ಫೋನ್ ಅಡ್ಡ ಹಿಡಿದು. ಎರಡೂ ಬೆಳಗಿನ ಬೆಳಕಿನಲ್ಲೇ ಇರಬೇಕು. ಒಂದು ಬೆಳಿಗ್ಗೆ, ಇನ್ನೊಂದು ನಡುಮಧ್ಯಾಹ್ನ ಆದರೆ ನೆರಳು ಬದಲಾಗಿ ಹೋಲಿಕೆಯೇ ಸಿಗುವುದಿಲ್ಲ. ಈ ಆರು ಫೋಟೊಗಳಲ್ಲಿ ಯಾರ ಮುಖವೂ ಇರುವುದಿಲ್ಲ. ಕಾಲುವೆಯ ಫೋಟೊ ಹಾಕಲೇಬೇಕು ಎಂದಾದ ಮೇಲೆ ಕಾಲುವೆಗೂ ಆಳು ಸಿಗುತ್ತಾರೆ.

ಫೋಟೊ ಜೊತೆಗಿನ ಬರಹಕ್ಕೆ ಐದಾರು ಸಾಲು ಸಾಕು. ‘ನಮ್ಮ ಹೆಮ್ಮೆಯ’, ‘ಅವಿರತ ಶ್ರಮ’ ಎಂಬಂಥವನ್ನೆಲ್ಲ ಹೊಡೆದುಹಾಕಿ ಅಳತೆ ಬರೆಯುತ್ತೇನೆ. ಹೂಳು ಸಾಗಿಸುವ ಟ್ರೈಲರ್ ಅನ್ನು ಟೇಪಿನಿಂದ ಅಳೆಯಬೇಕು: 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರವಿದ್ದು ಮಟ್ಟಸವಾಗಿ ತುಂಬಿದರೆ 120 ಘನ ಅಡಿ. ಎಷ್ಟು ಲೋಡ್, ಯಾರ ಹೊಲಕ್ಕೆ ಹೋಯಿತು, ಡೀಸೆಲ್ಲಿಗೆಷ್ಟು, ಜೆಸಿಬಿ ಬಾಡಿಗೆ ಎಷ್ಟು ಗಂಟೆಯದು, ಏನು ಬಾಕಿ ಉಳಿಯಿತು. ಬಾಕಿಯ ಸಾಲನ್ನು ಬಿಡಲೇಬಾರದು. ಮುಂದಿನ ವಾರ ಜನ ಬರುವುದೇ ಅದನ್ನು ಓದಿ. ಕೂಲಿಗೆ ಬಂದ ಹೆಂಗಸರ ಕೈಯ ಬಾಂಡ್ಲಿ ಇಸಕೊಂಡು ನಾವು ಹೊತ್ತಂತೆ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಕೀಳಾದದ್ದು ಈ ಕೆಲಸದಲ್ಲಿ ಇನ್ನೊಂದಿಲ್ಲ. ಕೂಲಿ ಕೊಟ್ಟಿದ್ದರೆ ಅದನ್ನೂ ಲೆಕ್ಕದಲ್ಲಿ ಬರೆಯಬೇಕು.

ಹುಡುಗರಿಗೆ ಸೆಲ್ಫಿ ಬೇಡ ಅನ್ನುವುದಿಲ್ಲ. ತಿಂಡಿಯ ಹೊತ್ತಿನಲ್ಲಿ, ಅವರವರ ಫೋನಿನಲ್ಲಿ ತೆಗೆದುಕೊಳ್ಳಲಿ. ಕೆಲಸದ ಮೊದಲ ಅರ್ಧ ಗಂಟೆ ಮಾತ್ರ ಫೋನು ಹೊರಗೆ ತೆಗೆಯುವಂತಿಲ್ಲ, ಏಕೆಂದರೆ ಫೋಟೊಕ್ಕೆಂದೇ ಬಂದವರು ಇದ್ದು ಹೋಗುವುದೇ ಆ ಅರ್ಧ ಗಂಟೆ. ದಾನಿಗಳ ವಿಷಯ ಇನ್ನೂ ಸೂಕ್ಷ್ಮ. ಫ್ಲೆಕ್ಸ್ ಇಲ್ಲ, ಶಾಲು-ಹಾರ ಇಲ್ಲ, ಹೆಸರು ಲೆಕ್ಕದ ಪಟ್ಟಿಯಲ್ಲಿ ಅಕ್ಷರ ಕ್ರಮದಲ್ಲಿ ಬರುತ್ತದೆ ಎಂದು ದುಡ್ಡು ಇಸಕೊಳ್ಳುವ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ಅವರಿಗೆ ಅವಮಾನ ಮಾಡಿದಂತಾಗುತ್ತದೆ.

ಲೈಕು ಎಣಿಸುವ ಚಟಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಸೆಟ್ಟಿಂಗ್ ಬದಲಿಸುವುದು ಸುಲಭ. ಇನ್‌ಸ್ಟಾಗ್ರಾಮ್‌ನಲ್ಲಿ 2021ರಿಂದ ಲೈಕಿನ ಸಂಖ್ಯೆ ಮುಚ್ಚುವ ಸೌಲಭ್ಯವಿದೆ. ಬೇರೆಯವರ ಪೋಸ್ಟಿನ ಸಂಖ್ಯೆಯನ್ನು ಮುಚ್ಚುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ನಮ್ಮ ಪೋಸ್ಟಿನದನ್ನು ಆಯಾ ಪೋಸ್ಟಿನಲ್ಲೇ ಮುಚ್ಚಬೇಕು. ಒಂದನ್ನೇ ಮಾಡಿ ನಿಲ್ಲಿಸಿದರೆ ಪ್ರಯೋಜನ ಅರ್ಧ. ಟ್ಯಾಗ್‌ಗಳನ್ನು ನಾವು ಒಪ್ಪಿದ ಮೇಲೆಯೇ ಕಾಣುವಂತೆ ಇಡುತ್ತೇನೆ. ವಾಟ್ಸ್‌ಆಪ್‌ನಲ್ಲಿ ರೀಡ್ ರಿಸೀಟ್, ಅಂದರೆ ಓದಿದ್ದನ್ನು ತೋರಿಸುವ ನೀಲಿ ಗುರುತು, ಆಫ್ ಮಾಡಿದರೆ ಸ್ಟೇಟಸ್ ಯಾರು ನೋಡಿದರೆಂಬುದು ನಮಗೆ ಕಾಣುವುದಿಲ್ಲ. ಗಂಟೆಗೊಮ್ಮೆ ತೆರೆದು ನೋಡುವ ಅಭ್ಯಾಸ ಅದರಿಂದಲೇ ಕಡಿಮೆಯಾಗುತ್ತದೆ. ಪೋಸ್ಟನ್ನು ಕೆಲಸದ ಮರುದಿನ, ತಂಡದ ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಹಾಕುತ್ತೇನೆ.

ಪೇಜು ಒಬ್ಬರ ಕೈಯಲ್ಲೇ ಉಳಿದರೆ ಮೆಲ್ಲಗೆ ಅವರ ಮುಖವೇ ತಂಡದ ಮುಖವಾಗುತ್ತದೆ. ಪಾಸ್‌ವರ್ಡ್ ಇಬ್ಬರ ಬಳಿ ಇರಲಿ, ಆರು ತಿಂಗಳಿಗೊಮ್ಮೆ ಅವರಲ್ಲಿ ಒಬ್ಬರು ಬದಲಾಗಲಿ. ಹಾಗೆ ಬದಲಾಗುವಾಗ ಒಟಿಪಿ ಬರುವ ಫೋನ್ ನಂಬರನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸಬರು ಪ್ರತಿ ಸಲವೂ ಹಳಬರಿಗೇ ಫೋನ್ ಮಾಡಿ ಕೇಳಬೇಕಾಗುತ್ತದೆ.